ಗೊರಟಿನ ಮರ, ಕಸಿಯ ಮರ

ಬೇಸಿಗೆಯಲ್ಲಿ ಒಳ್ಳೆಯ ಮಾವಿನ ಹಣ್ಣು ತಿಂದವರು ಗೊರಟನ್ನು ಎಸೆಯಲು ಮನಸ್ಸಾಗದೆ ಹಿತ್ತಲಿನ ಮೂಲೆಯಲ್ಲಿ ಹೂಳುವುದುಂಟು. ಮಳೆ ಬಿದ್ದರೆ ಅದು ತಾಮ್ರಬಣ್ಣದ ಎಲೆಗಳೊಡನೆ ಮೇಲೇಳುತ್ತದೆ. ಮಕ್ಕಳು ನೀರು ಹಾಕುತ್ತಾರೆ. ದನ ಬಾಯಿ ಹಾಕದಂತೆ ದೊಡ್ಡವರು ಸುತ್ತ ಮುಳ್ಳು ಕಟ್ಟುತ್ತಾರೆ. ಏಳೆಂಟು ವರ್ಷ ಕಳೆದು ಮೊದಲ ಹಣ್ಣು ಕೈಗೆ ಬಂದಾಗ ಮನೆಯವರ ಮುಖ ಸಣ್ಣದಾಗುತ್ತದೆ. ಹೂತದ್ದು ರಸಪುರಿಯ ಗೊರಟು. ಬಂದದ್ದು ನಾರು ತುಂಬಿದ, ಹುಳಿ ಬೆರೆತ, ಹೆಸರಿಲ್ಲದ ಹಣ್ಣು. ಮಣ್ಣು ಸರಿಯಿಲ್ಲ ಎಂದು ಒಬ್ಬರು, ನೀರು ಸಾಲದಾಯಿತು ಎಂದು ಇನ್ನೊಬ್ಬರು ಕಾರಣ ಹೇಳುತ್ತಾರೆ. ತಪ್ಪು ಮಣ್ಣಿನದೂ ಅಲ್ಲ, ನೀರಿನದೂ ಅಲ್ಲ.

ಹಣ್ಣಿನ ತಿರುಳು ತಾಯಿ ಮರದ್ದು, ಒಳಗಿನ ಬೀಜ ಮಾತ್ರ ಮಗು. ಆ ಮಗುವಿಗೆ ತಂದೆಯೂ ಒಬ್ಬನಿದ್ದಾನೆ. ಹೂ ಬಿಟ್ಟ ಕಾಲದಲ್ಲಿ ನೊಣವೋ ಜೇನೋ ಯಾವ ಮರದ ಪರಾಗವನ್ನು ಹೊತ್ತು ತಂದಿತೋ ಬಲ್ಲವರಿಲ್ಲ. ಮನುಷ್ಯರ ಮಕ್ಕಳು ತಂದೆ ತಾಯಿಯರ ಪಡಿಯಚ್ಚಾಗಿ ಹುಟ್ಟದಂತೆ ಮಾವಿನ ಗೊರಟೂ ತಾಯಿಯ ರುಚಿಯನ್ನು ಇಡಿಯಾಗಿ ಹೊತ್ತು ಹುಟ್ಟುವುದಿಲ್ಲ. ಹಲಸು, ಸೀಬೆ, ಚಕ್ಕೋತಗಳ ಕಥೆಯೂ ಇದೇ. ಒಂದು ಮರದ ಹಣ್ಣನ್ನು ಮೆಚ್ಚಿದವನಿಗೆ ಅದೇ ಹಣ್ಣು ಮತ್ತೆ ಬೇಕಾದರೆ ಬೀಜ ಸಾಲದು. ಆ ಮರದ ಒಂದು ತುಂಡೇ ಬೇಕು. ಮನುಷ್ಯನು ಹಣ್ಣಿನ ಮರಗಳೊಡನೆ ನಡೆಸಿಕೊಂಡು ಬಂದಿರುವ ವ್ಯವಹಾರದ ಇತಿಹಾಸವು ಬಹುಮಟ್ಟಿಗೆ ಈ ತೊಡಕನ್ನು ಬಿಡಿಸಿಕೊಂಡ ಇತಿಹಾಸವೇ ಆಗಿದೆ.

ಕೆಲವು ಗಿಡಗಳು ಈ ವಿಷಯದಲ್ಲಿ ಉದಾರಿಗಳು. ದಾಳಿಂಬೆ, ಅಂಜೂರ, ದ್ರಾಕ್ಷಿ, ಹಿಪ್ಪುನೇರಳೆಗಳ ಕಡ್ಡಿಯನ್ನು ಕತ್ತರಿಸಿ ಒದ್ದೆ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತವೆ. ಮನುಷ್ಯನು ಮೊದಮೊದಲು ಪಳಗಿಸಿದ ಹಣ್ಣುಗಳಲ್ಲಿ ಅಂಜೂರ, ದ್ರಾಕ್ಷಿ, ದಾಳಿಂಬೆಗಳು ಸೇರಿರುವುದು ಆಕಸ್ಮಿಕವಲ್ಲ. ಬಾಳೆಯಂತೂ ತನ್ನ ಕಂದನ್ನು ತಾನೇ ಪಕ್ಕದಲ್ಲಿ ಎಬ್ಬಿಸಿಕೊಡುತ್ತದೆ. ಮಾವಿನ ಕಡ್ಡಿ ಮಾತ್ರ ಮಣ್ಣಿಗೆ ಚುಚ್ಚಿದರೆ ಒಣಗಿ ಹೋಗುತ್ತದೆ. ಅದಕ್ಕೆ ಬೇರನ್ನು ಬೇರೆ ಗಿಡದಿಂದ ಸಾಲ ತಂದುಕೊಡಬೇಕು. ಈ ಸಾಲದ ವಿದ್ಯೆಗೇ ಕಸಿ ಎಂದು ಹೆಸರು.

ಈ ವಿದ್ಯೆ ಭಾರತಕ್ಕೆ ಹೊಸದಲ್ಲ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವಿದೆ. ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಳ ಮೊದಲಾದವುಗಳ ಕೊಂಬೆಗೆ ಸೆಗಣಿ ಮೆತ್ತಿ ನೆಡಬೇಕೆಂದೂ, ಇನ್ನೊಂದು ಗಿಡವನ್ನು ಬುಡದಲ್ಲಿಯೋ ಕಾಂಡದಲ್ಲಿಯೋ ಕತ್ತರಿಸಿ ಅದಕ್ಕೆ ಕೂಡಿಸಬಹುದೆಂದೂ ಅಲ್ಲಿ ಹೇಳಿದೆ. ಸ್ವಾರಸ್ಯವೆಂದರೆ ಆ ಪಟ್ಟಿಯಲ್ಲಿ ಮಾವು ಇಲ್ಲ. ಮರದಿಂದ ಮರಕ್ಕೆ 20 ಮೊಳ ಅಂತರ ಉತ್ತಮ, 16 ಮಧ್ಯಮ, 12ಕ್ಕಿಂತ ಕಡಿಮೆ ಸಲ್ಲದು, ಒತ್ತೊತ್ತಾಗಿ ಬೆಳೆದು ಬೇರಿಗೆ ಬೇರು ಹೆಣೆದುಕೊಂಡ ಮರಗಳು ಚೆನ್ನಾಗಿ ಫಲ ಕೊಡವು ಎಂಬ ಮಾತೂ ಅಲ್ಲಿದೆ. 20 ಮೊಳವೆಂದರೆ ಸುಮಾರು 30 ಅಡಿ. ಮಾವಿನ ತೋಟಕ್ಕೆ ಬಹುಕಾಲದಿಂದ ತೋಟಗಾರರು ಹೇಳುತ್ತ ಬಂದ ಅಂತರವೂ ಹೆಚ್ಚು ಕಡಿಮೆ ಅಷ್ಟೇ.

ಕನ್ನಡದಲ್ಲಿ ಈ ಶಾಸ್ತ್ರ ಕಾಣಿಸಿಕೊಂಡದ್ದು ಸಾವಿರ ವರ್ಷಗಳ ಹಿಂದೆ. ಕಲ್ಯಾಣದ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ವು ಅಡುಗೆ, ಔಷಧ, ವಾಸ್ತು, ಶಕುನ, ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆ ಎಲ್ಲವನ್ನೂ ಒಳಗೊಂಡ ಗೃಹಸ್ಥನ ಕೈಪಿಡಿ. ಅದರಲ್ಲಿ ವೃಕ್ಷಾಯುರ್ವೇದಕ್ಕೂ ಜಾಗವಿದೆ. ಅರಮನೆಯ ಉದ್ಯಾನಕ್ಕಲ್ಲ, ಲೋಕದ ಉಪಯೋಗಕ್ಕೆ ಬರೆದ ಪುಸ್ತಕದಲ್ಲಿ ಗಿಡ ನೆಡುವ ವಿಷಯ ಅಡುಗೆಯ ಪಕ್ಕದಲ್ಲೇ ಬಂದಿರುವುದು ಗಮನಿಸಬೇಕಾದ ಸಂಗತಿ. ಮುಂದೆ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೂ ಈ ವಿಷಯವನ್ನು ಬಿಟ್ಟಿಲ್ಲ. ಇಂಥ ಗ್ರಂಥಗಳಲ್ಲಿ ಬೀಜವಿಲ್ಲದ ಹಣ್ಣು ಪಡೆಯುವುದು, ಅಕಾಲದಲ್ಲಿ ಫಲ ಬಿಡಿಸುವುದು ಮುಂತಾದ ಚಮತ್ಕಾರಗಳೂ ಇವೆ. ಅವನ್ನೆಲ್ಲ ನಂಬಬೇಕಾಗಿಲ್ಲ. ಆದರೆ ಗೊಬ್ಬರ, ಅಂತರ, ನಾಟಿಯ ಋತು ಇವುಗಳ ಬಗ್ಗೆ ಹೇಳಿದ್ದು ಮಣ್ಣು ಮುಟ್ಟಿ ಕಲಿತವರ ಮಾತು.

ಮಾವಿನ ಕಸಿಯ ಕಥೆ ದೊಡ್ಡದಾಗಿ ತೆರೆದುಕೊಳ್ಳುವುದು 16ನೆಯ ಶತಮಾನದ ಗೋವೆಯಲ್ಲಿ. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಹಿಡಿದರು. ಅವರ ಹಿಂದೆ ಬಂದ ಜೆಸ್ವಿಟ್ ಪಾದ್ರಿಗಳಿಗೆ ತಮ್ಮ ನಾಡಿನ ಹಣ್ಣಿನ ತೋಟಗಳಲ್ಲಿ ಕಸಿ ಮಾಡಿ ರೂಢಿಯಿತ್ತು. ಇಲ್ಲಿನ ಮಾವಿನ ಮೇಲೆ ಅವರು ಆ ವಿದ್ಯೆಯನ್ನು ಪ್ರಯೋಗಿಸಿದರೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಹಳೆಯ ಕಾಲದಲ್ಲಿ ಮಾವಿಗೆ ಹೊಂದುತ್ತಿದ್ದ ವಿಧಾನವೆಂದರೆ ಸಾಮೀಪ್ಯ ಕಸಿ. ಗೊರಟಿನಿಂದ ಬೆಳೆಸಿದ ಎಳೆ ಗಿಡವನ್ನು ಕುಂಡದ ಸಮೇತ ತಾಯಿ ಮರದ ಬಳಿಗೆ ಒಯ್ಯುತ್ತಾರೆ. ಕೊಂಬೆ ಎತ್ತರದಲ್ಲಿದ್ದರೆ ಅಟ್ಟಣೆ ಕಟ್ಟಿ ಕುಂಡವನ್ನು ಅಲ್ಲಿಗೇ ಏರಿಸುತ್ತಾರೆ. ಎರಡರ ಮೈಯಿಂದಲೂ ಒಂದೇ ಅಳತೆಯ ಸಿಪ್ಪೆಯನ್ನು ಸೀಳಿ ತೆಗೆದು, ಗಾಯಕ್ಕೆ ಗಾಯ ಕೂಡಿಸಿ ಕಟ್ಟುತ್ತಾರೆ. ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ ತೆಳ್ಳನೆಯ ಹಸಿರು ಪದರವೇ ಇಲ್ಲಿನ ಗುಟ್ಟು. ಎರಡು ಗಿಡಗಳ ಆ ಪದರ ಒಂದನ್ನೊಂದು ಮುಟ್ಟಿದರೆ ಗಾಯ ಒಂದಾಗಿ ಮಾಯುತ್ತದೆ. ಎರಡು ಮೂರು ತಿಂಗಳ ಮೇಲೆ ಕೊಂಬೆಯನ್ನು ತಾಯಿಯಿಂದ ಕತ್ತರಿಸಿ, ಎಳೆ ಗಿಡದ ತಲೆಯನ್ನು ಚಿವುಟಿದರೆ ಆಯಿತು. ಬೇರು ಯಾರದ್ದೋ, ಹಣ್ಣು ಮಾತ್ರ ತಾಯಿಯದೇ.

ಹೀಗೆ ಸಿಕ್ಕ ಹಣ್ಣುಗಳಿಗೆ ಹೆಸರು ಬೇಕಾಯಿತು. ಗೊರಟಿನ ಮರಕ್ಕೆ ಹೆಸರಿಟ್ಟು ಪ್ರಯೋಜನವಿಲ್ಲ, ಆ ಮರದೊಡನೆ ಹೆಸರೂ ಹೋಗುತ್ತದೆ. ಕಸಿಯಿಂದ ಒಂದೇ ಮರ ನೂರು ಹಿತ್ತಲುಗಳಲ್ಲಿ ಬದುಕಬಲ್ಲದು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿ ನೆಲೆಸಿದ್ದ ವೆನಿಸ್‌ನ ನಿಕೊಲಾವ್ ಮನೂಚಿ, ಗೋವೆಯ ದ್ವೀಪದ ಮಾವೇ ಶ್ರೇಷ್ಠವೆಂದು ಹೇಳಿ ಹತ್ತಾರು ತಳಿಗಳ ಹೆಸರನ್ನು ಪಟ್ಟಿ ಮಾಡಿದ್ದಾನೆ. ಅವುಗಳಲ್ಲಿ ಹಲವು ವ್ಯಕ್ತಿಗಳ ಹೆಸರುಗಳು. ಮೊದಲನೆಯದೇ ನಿಕೊಲಾವ್ ಅಫೊನ್ಸೊ. ಆಪೂಸಿಗೆ ಗೋವೆಯನ್ನು ಗೆದ್ದ ಅಫೊನ್ಸೊ ಡಿ ಅಲ್ಬುಕರ್ಕನ ಹೆಸರು ಬಂತೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮನೂಚಿಯ ಪಟ್ಟಿಯನ್ನು ನೋಡಿದರೆ, ಸೇನಾನಿಗಿಂತ ಯಾವನೋ ತೋಟದ ಯಜಮಾನನಿಗೆ ಆ ಗೌರವ ಸಲ್ಲಬೇಕೆಂದು ತೋರುತ್ತದೆ. ಧಾರವಾಡದ ಕಡೆ ಆಪೂಸ್ ಎನಿಸಿಕೊಂಡ ಅದೇ ಹಣ್ಣು ಬೆಂಗಳೂರಿನ ಪೇಟೆಯಲ್ಲಿ ಬಾದಾಮಿ ಎಂಬ ಹೆಸರಿನಿಂದ ಮಾರಾಟವಾಗುತ್ತದೆ.

ಪೋರ್ತುಗೀಸರ ಹಡಗುಗಳು ತಂದದ್ದು ಕತ್ತಿ, ಶಿಲುಬೆ, ಕಸಿಯ ಚಾಕು ಇಷ್ಟನ್ನೇ ಅಲ್ಲ. ಇಂದು ಕನ್ನಡಿಗರು ತಮ್ಮ ಹಿತ್ತಲಿನ ಸ್ವಂತ ಗಿಡಗಳೆಂದು ತಿಳಿದಿರುವ ಪರಂಗಿ, ಸೀಬೆ, ಅನಾನಸ್, ಗೇರು, ಸಪೋಟ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಹೆಸರುಗಳೇ ಗುಟ್ಟು ಬಿಟ್ಟುಕೊಡುತ್ತವೆ. ಪರಂಗಿ ಎಂದರೆ ಫಿರಂಗಿಯವರ ಹಣ್ಣು. ಪೇರಲ ಎಂಬುದರಲ್ಲಿ ಪೋರ್ತುಗೀಸರ ‘ಪೆರ’ ಎಂಬ ಮಾತು ಅಡಗಿದೆ. ಅನಾನಸ್ ಬ್ರೆಜಿಲ್ಲಿನ ಮೂಲನಿವಾಸಿಗಳ ನುಡಿ. ಸಪೋಟ, ಚಿಕ್ಕು ಎರಡೂ ಮೆಕ್ಸಿಕೋದ ಮಾತುಗಳು. ಆ ಮರದ ಹಾಲಿನ ಅಂಟನ್ನು ಅಲ್ಲಿಯವರು ಜಗಿಯುತ್ತಿದ್ದರು. ಗೇರು ಮಾತ್ರ ಇಲ್ಲಿನ ಕಾಡಿನ ಕರಿಗೇರಿನ ಹೆಸರನ್ನು ಎರವಲು ಪಡೆದು ಒಳಗೆ ಬಂತು. ಡಚ್ ಪ್ರವಾಸಿ ಲಿನ್‌ಸ್ಕೋಟನ್ 1580ರ ದಶಕದಲ್ಲಿ ಗೋವೆಯಲ್ಲಿದ್ದವನು. ಪರಂಗಿಯು ಸ್ಪೇನಿನವರ ಅಮೆರಿಕದಿಂದ ಫಿಲಿಪೈನ್ಸಿಗೂ ಅಲ್ಲಿಂದ ಮಲಾಕ್ಕಾಕ್ಕೂ ಹೋಗಿ ಭಾರತಕ್ಕೆ ಬಂತೆಂದು 1596ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅಂದರೆ ಭೂಮಿಯನ್ನು ಅರ್ಧ ಸುತ್ತಿಗೂ ಹೆಚ್ಚು ಸುತ್ತಿ ಅದು ಕನ್ನಡದ ಹಿತ್ತಲಿಗೆ ಬಂದಿದೆ. ಸೀತಾಫಲವೂ ಅಮೆರಿಕದ್ದೇ. ಪ್ರಾಚೀನ ಶಿಲ್ಪಗಳಲ್ಲಿ ಅದರಂತೆ ತೋರುವ ಹಣ್ಣುಗಳಿವೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಈ ಅತಿಥಿಗಳಲ್ಲಿ ಪರಂಗಿಯಷ್ಟು ಬೇಗ ಬೇರೂರಿದ್ದು ಇನ್ನೊಂದಿಲ್ಲ. ಅದಕ್ಕೆ ಕಾರಣ ಕಸಿ ಬೇಕಿಲ್ಲದಿರುವುದು. ಬೀಜ ಬಿದ್ದಲ್ಲಿ ಮೊಳೆತು ಒಂದು ವರ್ಷದೊಳಗೆ ಕಾಯಿ ಬಿಡುತ್ತದೆ. ಆದರೆ ಗಿಡಗಳಲ್ಲಿ ಗಂಡು, ಹೆಣ್ಣು, ಎರಡೂ ಆದವು ಎಂಬ ಭೇದವಿದೆ. ಹೂ ಬರುವವರೆಗೆ ತಿಳಿಯುವ ಬಗೆಯಿಲ್ಲ. ಒಂದೇ ಸಸಿ ನೆಟ್ಟು ಅದು ಗಂಡಾಗಿ ಹೊರಟಾಗ ನಿರಾಶರಾದ ಮನೆಗಳು ಎಷ್ಟೋ. ಅದಕ್ಕೇ ಒಂದು ಗುಂಡಿಗೆ ಮೂರು ಸಸಿ ನೆಟ್ಟು, ಹೂ ನೋಡಿ ಬೇಡದ್ದನ್ನು ಕೀಳುವ ರೂಢಿ. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಲ್ಲಿ ಆಯ್ದು ಬೆಳೆಸಿದ ‘ಕೂರ್ಗ್ ಹನಿ ಡ್ಯೂ’ ತಳಿಯಲ್ಲಿ ಗಂಡು ಗಿಡಗಳೇ ಬರುವುದಿಲ್ಲವಾದ್ದರಿಂದ ಮನೆಯಂಗಳಕ್ಕೆ ಅದು ಒಗ್ಗಿತು.

ಗೊರಟು ತಾಯಿಯನ್ನು ಹೋಲದು ಎಂಬ ಮಾತಿಗೆ ಕರಾವಳಿಯವರು ತಕರಾರು ತೆಗೆದರೆ ಅದೂ ಸರಿಯೇ. ಪಶ್ಚಿಮ ಕರಾವಳಿಯ ಕೆಲವು ಮಾವುಗಳ ಒಂದೇ ಗೊರಟಿನಿಂದ ಮೂರು ನಾಲ್ಕು ಮೊಳಕೆಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವೇ ಇಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಹೀಗಾಗಿ ತಾಯಿಯನ್ನೇ ಹೋಲುತ್ತವೆ. ದಕ್ಷಿಣ ಕನ್ನಡದ ನೆಕ್ಕರೆ, ಬಪ್ಪಕಾಯಿಗಳು ಈ ಜಾತಿಯವು. ಘಟ್ಟದ ಮೇಲಿನ ರಸಪುರಿ, ಬಾದಾಮಿ, ಮಲಗೋವಾಗಳಿಗೆ ಈ ಗುಣವಿಲ್ಲ. ಕೊಡಗಿನ ಕಿತ್ತಳೆಗೂ ಇದೇ ಗುಣವಿರುವುದರಿಂದ ಅಲ್ಲಿನ ಹಳೆಯ ತೋಟಗಳೆಲ್ಲ ಬೀಜದ ಗಿಡಗಳಿಂದಲೇ ಆದವು. ಅಜ್ಜ ನೆಟ್ಟ ಗೊರಟು ಅಜ್ಜನ ಹಣ್ಣನ್ನೇ ಕೊಟ್ಟಿತೆಂದು ಕರಾವಳಿಯವರು ಹೇಳಿದರೆ, ಕೊಡಲಿಲ್ಲವೆಂದು ಕೋಲಾರದವರು ಹೇಳಿದರೆ, ಇಬ್ಬರ ಮಾತೂ ನಿಜ.

ಮೈಸೂರು ಸೀಮೆಯಲ್ಲಿ ಹೊರಗಿನ ಗಿಡಗಳಿಗೆ ಬಾಗಿಲು ತೆರೆದದ್ದು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟವನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕಾನನ್, ಅದು ಚೌಕ ಚೌಕ ಪಾತಿಗಳಾಗಿ ಹಂಚಿಹೋಗಿರುವುದನ್ನೂ, ಒಂದು ಪಾತಿಯಲ್ಲಿ ಗುಲಾಬಿಯಾದರೆ ಇನ್ನೊಂದರಲ್ಲಿ ಬರಿಯ ದಾಳಿಂಬೆ ಎಂಬಂತೆ ಪ್ರತಿ ಗಿಡಕ್ಕೂ ಪ್ರತ್ಯೇಕ ಜಾಗವಿರುವುದನ್ನೂ ದಾಖಲಿಸಿದ್ದಾನೆ. ಸೇಬು ಮತ್ತು ಪೀಚ್ ಕೂಡ ಅಲ್ಲಿ ಕಾಯಿ ಬಿಡುತ್ತಿದ್ದವು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ತರಿಸಿದ ಸೀಮೆಬದನೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ತಮಿಳರು ಅದಕ್ಕೆ ಬೆಂಗಳೂರು ಬದನೆ ಎಂದೇ ಹೆಸರಿಟ್ಟರು. ಅವನ ನಂತರ ಕೃಂಬಿಗಲ್, ಆಮೇಲೆ ಎಚ್.ಸಿ. ಜವರಾಯ ಬಂದರು. 1951ರಿಂದ 1974ರವರೆಗೆ ತೋಟಗಾರಿಕೆಯನ್ನು ನಡೆಸಿದ ಎಂ.ಎಚ್. ಮರೀಗೌಡರು ಜಿಲ್ಲೆ ತಾಲ್ಲೂಕುಗಳಲ್ಲಿ ಸಸ್ಯಕ್ಷೇತ್ರಗಳನ್ನು ತೆರೆದರು. ಕಸಿ ಗಿಡವೆಂಬುದು ಅರಮನೆ, ಬಂಗಲೆಗಳ ವಸ್ತುವಾಗಿ ಉಳಿಯದೆ ಸಾಮಾನ್ಯ ರೈತನ, ಗುಮಾಸ್ತನ ಮನೆಯ ಹಿತ್ತಲಿಗೆ ಇಳಿದದ್ದು ಮುಖ್ಯವಾಗಿ ಈ ಕ್ಷೇತ್ರಗಳಿಂದ. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ತಳಿಗಳ ಹೆಸರಿನ ಮುಂದಿರುವ ‘ಅರ್ಕ’ ಎಂಬುದು ಅರ್ಕಾವತಿ ನದಿಯ ನೆನಪು.

ಕಸಿ ಹೀಗೆ ಒಳ್ಳೆಯ ಹಣ್ಣನ್ನು ಎಲ್ಲರ ಮನೆಗೂ ತಂದಿತು. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿತು. ಗೊರಟಿನಿಂದಲೇ ಬೆಳೆಯುವ ಕಾಲದಲ್ಲಿ ಒಂದು ಊರಿನಲ್ಲಿ ನೂರು ಮಾವಿನ ಮರಗಳಿದ್ದರೆ ನೂರು ರುಚಿಗಳಿರುತ್ತಿದ್ದವು. ಉಪ್ಪಿನಕಾಯಿಗೆ ಒಂದು, ಸಾರಿಗೆ ಒಂದು, ಹಿಂಡಿ ಕುಡಿಯಲು ಇನ್ನೊಂದು. ಕಸಿ ಗಿಡ ಬಂದಮೇಲೆ ಪೇಟೆಯಲ್ಲಿ ಬೆಲೆಯಿರುವ ನಾಲ್ಕೈದು ಹೆಸರುಗಳು ಉಳಿದು, ಹೆಸರಿಲ್ಲದ ಮರಗಳು ಸೌದೆಗೆ, ಪೆಟ್ಟಿಗೆಯ ಹಲಗೆಗೆ ಹೋದವು.

ಈ ನಷ್ಟ ಎಷ್ಟರದೆಂದು ತಿಳಿಯಲು ಮಲೆನಾಡಿನ ಅಪ್ಪೆಮಿಡಿಯನ್ನು ನೋಡಬೇಕು. ಶರಾವತಿ, ಅಘನಾಶಿನಿ, ವರದಾ ಹೊಳೆಗಳ ದಂಡೆಯಲ್ಲಿ ತಾವಾಗಿ ಬೆಳೆದ ಈ ಕಾಡುಮಾವಿನ ಎಳೆಗಾಯಿಯನ್ನು ತೊಟ್ಟಿನ ಸಮೇತ ಕೊಯ್ದು ಉಪ್ಪಿನಲ್ಲಿ ಹಾಕಿದರೆ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಪರಿಮಳವೆಲ್ಲ ಅದರ ಸೊನೆಯಲ್ಲಿದೆ. ಒಂದಕ್ಕೆ ಜೀರಿಗೆಯ ವಾಸನೆಯಾದರೆ ಇನ್ನೊಂದಕ್ಕೆ ಬೇರೆಯದು. ಮಾಳಂಜಿ, ಅನಂತಭಟ್ಟನ ಅಪ್ಪೆ ಮುಂತಾದ ಹೆಸರುಗಳಲ್ಲಿ ಊರೋ ಮರದೊಡೆಯನೋ ಉಳಿದುಕೊಂಡಿರುವುದುಂಟು. ಮಿಡಿಗಾಗಿಯೇ ಕೊಯ್ಯುವ ಮರದಲ್ಲಿ ಹಣ್ಣಾಗಿ ಬಿದ್ದು ಮೊಳೆಯುವ ಗೊರಟು ಕಡಿಮೆ. ಮೊಳೆತರೂ ಆ ವಾಸನೆ ಬರುವ ಭರವಸೆಯಿಲ್ಲ. ಬೆಲೆ ಏರಿದಂತೆ ಮರ ಹತ್ತುವ ತಾಳ್ಮೆಯಿಲ್ಲದವರು ಕೊಂಬೆಯನ್ನೇ ಕಡಿದು ಕೆಡವಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದಾಗ ಹೊಳೆದಂಡೆಯೂ ಹಿತ್ತಲುಗಳೂ ನೀರಿನಡಿ ಸೇರಿದವು.

ವಿಚಿತ್ರವೆಂದರೆ, ಹೆಸರಿಲ್ಲದ ಮರಗಳನ್ನು ಮೂಲೆಗೆ ತಳ್ಳಿದ ಕಸಿಯೇ ಅಪ್ಪೆಮಿಡಿಯ ಕೈ ಹಿಡಿಯಿತು. ಮಲೆನಾಡಿನ ಆಸಕ್ತರು ಕಾಡಿನಲ್ಲಿ ಅಳಿದುಳಿದ ಒಳ್ಳೆಯ ಮರಗಳನ್ನು ಹುಡುಕಿ, ಕುಡಿ ತಂದು, ಸಾಮಾನ್ಯ ಮಾವಿನ ಸಸಿಗಳಿಗೆ ಕಟ್ಟಿ ಮನೆಯ ಹಿತ್ತಲಿಗೆ ತಂದರು. ಅಟ್ಟಣೆಯ ತಾಪತ್ರಯ ಈಗ ಇಲ್ಲ. ಎಳೆ ಗಿಡದ ತುದಿಯನ್ನು ಸೀಳಿ, ಆಯ್ದ ಮರದ ಕುಡಿಯನ್ನು ಬೆಣೆಯಂತೆ ಕೆತ್ತಿ ಅದರಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತುವ ಮೃದುಕಾಂಡ ಕಸಿ ಮಳೆಗಾಲದ ತೇವದಲ್ಲಿ ಚೆನ್ನಾಗಿ ಹತ್ತುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. 2023ರಲ್ಲಿ ಅಂಕೋಲೆಯ ಕರಿ ಇಶಾಡ್ ಮಾವಿಗೂ ಅದು ಸಿಕ್ಕಿತು.

ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರದ ಕಥೆ ಇದಕ್ಕಿಂತ ಈಚಿನದು. ಸಣ್ಣ ಹಣ್ಣು, ತಾಮ್ರದಂತೆ ಕೆಂಪಾದ ತೊಳೆ. ಹಲಸಿನ ಬೀಜ ತಾಯಿಯನ್ನು ಹೋಲದಾದ್ದರಿಂದ ಆ ರುಚಿ ಆ ಒಂದು ಮರದಲ್ಲಿ ಮಾತ್ರ ಇತ್ತು; ಒಂದು ಬಿರುಗಾಳಿ ಸಾಕಿತ್ತು. 2017ರಲ್ಲಿ ಹೆಸರಘಟ್ಟದ ಸಂಸ್ಥೆಯು ಆ ರೈತ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳ ಮಾರಾಟದ ಹಣದಲ್ಲಿ ಬಹುಪಾಲು ಅವರಿಗೇ ಸಲ್ಲುವಂತೆ ಮಾಡಿತು. ತಳಿಗೆ ಮರ ನೆಟ್ಟ ಹಿರಿಯರ ನೆನಪಿಗೆ ‘ಸಿದ್ದು’ ಎಂದು ಹೆಸರಾಯಿತು. ದೇವನಹಳ್ಳಿಯ ಚಕ್ಕೋತಕ್ಕೆ ಇಷ್ಟು ಅದೃಷ್ಟವಿಲ್ಲ. ಅದಕ್ಕೂ ಭೌಗೋಳಿಕ ಸೂಚ್ಯಂಕವಿದೆ. ಅದರ ಬೀಜವೂ ತಾಯಿಯನ್ನು ಹೋಲದು. ಆದರೆ 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ನೆಲದ ಬೆಲೆ ಏರಿ, ಹಿತ್ತಲೆಂಬುದೇ ನಿವೇಶನವಾಗತೊಡಗಿತು.

ನಗರದ 30-40ರ ನಿವೇಶನದಲ್ಲಿ ವರಾಹಮಿಹಿರನ 20 ಮೊಳಕ್ಕೆ ಜಾಗವಿಲ್ಲ. ಅಂಥವರಿಗೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ದಶೇರಿ, ನೀಲಂಗಳನ್ನು ಕೂಡಿಸಿ ಪಡೆದ ಆಮ್ರಪಾಲಿ ಇದೆ. ಎಂಟು ಹತ್ತು ಅಡಿ ಜಾಗ ಸಾಕೆನ್ನುವ ಗಿಡ್ಡ ಮರ, ವರ್ಷ ಬಿಟ್ಟು ವರ್ಷ ಮುನಿಯದೆ ಕಾಯಿ ಬಿಡುವುದು ಅದರ ಇನ್ನೊಂದು ಗುಣ. ಬೇಲಿಗೆ ಕವಳೆ, ಮೂಲೆಗೆ ಒಂದು ಹಿಪ್ಪುನೇರಳೆ ಇದ್ದರೆ ಮಕ್ಕಳ ಬಾಯಿಗೆ ಹಣ್ಣಿಗೇನೂ ಕೊರತೆಯಿಲ್ಲ. ನೆಲ್ಲಿಯನ್ನು ಮಾತ್ರ ಒಂಟಿಯಾಗಿ ನೆಡಬಾರದು. ತನ್ನ ಪರಾಗ ತನಗೇ ಹೊಂದದ ಗಿಡವಾದ್ದರಿಂದ ಬೇರೆ ತಳಿಯ ಜೋಡಿ ಹತ್ತಿರದಲ್ಲಿರಬೇಕು. ಇಲ್ಲದಿದ್ದರೆ ತುಳಸಿ ಹಬ್ಬಕ್ಕೆ ಕಾಯಿಯಿಲ್ಲದ ಬರಿ ಕೊಂಬೆಯೇ ಗತಿ.

ಯಾವುದೇ ಕಸಿ ಗಿಡವಿರಲಿ, ಕೊಳ್ಳುವವರು ಎಲೆಗಿಂತ ಮೊದಲು ಬುಡ ನೋಡಬೇಕು. ಕಸಿಯ ಗಂಟು ಸ್ಪಷ್ಟವಾಗಿ ಕಾಣಬೇಕು. ಬೇಸಿಗೆಯಲ್ಲೇ ಮೂರಡಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಗೊಬ್ಬರ ತುಂಬಿ, ಮೊದಲ ಮಳೆಗಳಾದ ಮೇಲೆ ಆ ಗಂಟು ಮಣ್ಣಿನ ಮೇಲೇ ಉಳಿಯುವಂತೆ ನೆಡಬೇಕು. ಮೊದಲೆರಡು ವರ್ಷದ ಹೂವನ್ನು ಚಿವುಟುವುದು ಮನಸ್ಸಿಗೆ ಕಷ್ಟವಾದರೂ ಗಿಡಕ್ಕೆ ಹಿತ. ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಕಂಡ ಕೂಡಲೇ ಕೀಳಬೇಕು. ಅದು ಬೇರು ಕೊಟ್ಟ ಕಾಡು ಗಿಡದ ಚಿಗುರು, ಮೇಲಿನದಕ್ಕಿಂತ ಬಲವಾದದ್ದು. ಎರಡು ಮಳೆಗಾಲ ಅದನ್ನು ಯಾರೂ ಗಮನಿಸದಿದ್ದರೆ ಮೇಲಿನ ರಸಪುರಿ ಸೊರಗಿ ಒಣಗುತ್ತದೆ, ಕೆಳಗಿನದು ಮರವಾಗುತ್ತದೆ. ಏಳೆಂಟು ವರ್ಷಗಳ ಮೇಲೆ ಹಣ್ಣು ಕಿತ್ತು ಕಚ್ಚಿದ ಮನೆಯವರು, ಸಸ್ಯಕ್ಷೇತ್ರದವರು ಮೋಸ ಮಾಡಿದರೆಂದು ಬೈಯುತ್ತಾರೆ.